ಬ್ಯಾಂಕಿನ ಕಡೆಯವರು

ಶಾಂಭವಿಗೆ ಬೇಡ ಎನ್ನಲು ಬರುತ್ತಿರಲಿಲ್ಲ. ಕೊಟ್ಟೂರಿನ ಆ ಓಣಿಯಲ್ಲಿ ಯಾರಿಗೂ ಅದು ಸರಿಯಾಗಿ ಬರುತ್ತಿರಲಿಲ್ಲ ಎನ್ನಿ. ಸೀರೆ ಗಂಟು ಹೊತ್ತು ಬಂದವನಿಗಾಗಲಿ, ಚಂದಾ ಕೇಳಲು ಬಂದವರಿಗಾಗಲಿ "ನೋಡೋಣ್ರಿ, ಆಮ್ಯಾಲೆ ಹೇಳ್ತೀವಿ" ಎಂದರೆ ಸಾಕು, ಅವರು ಒಂದು ಲೋಟ ನೀರು ಕುಡಿದು ಎದ್ದು ಹೋಗುತ್ತಿದ್ದರು. ಹೇಳಿದವರಿಗೆ ಮುಜುಗರವಿಲ್ಲ, ಕೇಳಿದವರಿಗೆ ಅವಮಾನವಿಲ್ಲ. ಬೆಂಗಳೂರಿನಿಂದ ಫೋನ್ ಮಾಡಿದ ಸುಕನ್ಯಾ ಎಂಬ ಹುಡುಗಿಗೆ ಮಾತ್ರ ಈ ಪದ್ಧತಿ ಗೊತ್ತಿರಲಿಲ್ಲ.

ಅದು ಎರಡು ಸಾವಿರದ ಆರನೇ ಇಸವಿ. ಶಾಂಭವಿ ಬಿ.ಎ. ಮುಗಿಸಿ ಊರಿನ ಒಂದು ಖಾಸಗಿ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಹೇಳುತ್ತಿದ್ದಳು. ಹೊಸಪೇಟೆಯ ಸೀರೆ ಅಂಗಡಿಯೊಂದರಲ್ಲಿ ಲಕ್ಕಿ ಡ್ರಾ ಚೀಟಿಯಲ್ಲಿ ಹೆಸರು, ಫೋನ್ ನಂಬರು ತುಂಬಿ ಡಬ್ಬಿಗೆ ಹಾಕಿದ್ದಳು. ಬಹುಮಾನದ ಮಿಕ್ಸರ್ ಬರಲಿಲ್ಲ, ಸುಕನ್ಯಾಳ ಫೋನು ಬಂತು.

"ಕಂಗ್ರಾಚುಲೇಶನ್ಸ್ ಶಾಂಭವಿ ಮೇಡಂ! ನಿಮ್ಮ ಹೆಸರಲ್ಲಿ ಕ್ರೆಡಿಟ್ ಕಾರ್ಡ್ ಸ್ಯಾಂಕ್ಷನ್ ಆಗಿದೆ."

"ನಾನು ಕೇಳೇ ಇಲ್ಲಲ್ರಿ."

"ಅದೇ ಮೇಡಂ ಸ್ಪೆಷಲ್. ಕೇಳಿದೋರಿಗೆ ಇದು ಸಿಗಲ್ಲ. ಲೈಫ್‌ಟೈಮ್ ಫ್ರೀ, ಜೀವನಪೂರ್ತಿ ಒಂದು ರೂಪಾಯಿ ಕಟ್ಟಂಗಿಲ್ಲ."

"ನಮ್ಮಪ್ಪನ್ನ ಕೇಳಬೇಕ್ರಿ."

"ಖಂಡಿತಾ ಕೇಳಿ. ತಂದೆಯವರ ಹೆಸರು?"

"ಶಿವಯೋಗಪ್ಪ."

"ಏನು ಮಾಡ್ತಾರೆ?"

"ಕಿರಾಣಿ ಅಂಗಡಿ ಐತ್ರಿ. ಆದ್ರ ನನಗ ಕಾರ್ಡಿಂದು ಕೆಲಸೇ ಬೀಳಂಗಿಲ್ರಿ."

"ಕೆಲಸ ಎಲ್ಲಿ ಅಂದ್ರಿ ಮೇಡಂ?"

ಹೀಗೆ ಅವಳು ಹಿಂದಕ್ಕೆ ಸರಿದಂತೆಲ್ಲ ಅತ್ತ ಅರ್ಜಿಯ ಒಂದೊಂದು ಖಾಲಿ ಜಾಗ ತುಂಬುತ್ತಿತ್ತು. ಕಡೆಗೆ ಶಾಂಭವಿ ತನ್ನಲ್ಲಿದ್ದ ಕೊನೆಯ ಅಸ್ತ್ರ ಬಿಟ್ಟಳು. "ನೋಡೋಣ್ರಿ, ಆಮ್ಯಾಲೆ ಹೇಳ್ತೀನಿ."

"ಥ್ಯಾಂಕ್ಯೂ ಮೇಡಂ, ಓಕೆ ಅಂತ ಹಾಕ್ಕೊಂಡೆ," ಎಂದು ಸುಕನ್ಯಾ ಫೋನ್ ಇಟ್ಟಳು.

ಶಾಂಭವಿ ಅದನ್ನು ಅಲ್ಲಿಗೇ ಮರೆತಳು. ಅವಳ ಮನಸ್ಸು ಆಗ ಪೂರ್ತಿ ಹರಪನಹಳ್ಳಿಯಲ್ಲಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಅಮರೇಶ್ ಎಂಬಾತ ಹೋದ ವಾರ ತಂದೆತಾಯಿಯ ಜೊತೆ ಅವಳನ್ನು ನೋಡಿಹೋಗಿದ್ದ. ಹಿರಿಯರು ನೂರೆಂಟು ಮಾತಾಡಿದರೂ ಅವನು ಬಾಯಿ ಬಿಟ್ಟದ್ದು ಒಮ್ಮೆ ಮಾತ್ರ. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತ ಅವಳಿಗೆ, "ನೀವು ಕುಂದರ್ರಿ, ತಟ್ಟಿ ಸುಡ್ತಿರಬೇಕು," ಎಂದಿದ್ದ. ತಟ್ಟೆ ನಿಜಕ್ಕೂ ಸುಡುತ್ತಿತ್ತು. ಹಿಂದೆ ಬಂದ ಮೂರು ಗಂಡುಗಳಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಇವನೇ ಆಗಲಿ ಎಂದು ಶಾಂಭವಿ ಅವತ್ತೇ ತೀರ್ಮಾನಿಸಿದ್ದಳು. ಯಾರಿಗೂ ಹೇಳಿರಲಿಲ್ಲ. ಹರಪನಹಳ್ಳಿಯಿಂದ ಮಾತು ಬರಬೇಕಿತ್ತು.

ಅದು ಬರುವ ಮೊದಲು ಪಾಲಾಕ್ಷಪ್ಪ ಬಂದ.

ಅವನು ಬ್ಯಾಂಕಿನ ಪರವಾಗಿ ಊರೂರು ತಿರುಗಿ ಕಾರ್ಡ್ ಕೇಳಿದವರ ವಿಳಾಸ ಖಾತ್ರಿ ಮಾಡುವವನು. ಮಟಮಟ ಮಧ್ಯಾಹ್ನ ಬೈಕು ನಿಲ್ಲಿಸಿದಾಗ ಶಾಂಭವಿಯ ಮನೆಗೆ ಬೀಗ. ಅವಳು ಶಾಲೆಯಲ್ಲಿ, ಅಪ್ಪ ಅಂಗಡಿಯಲ್ಲಿ, ಅವ್ವ ನಾಗಲಿಂಗಮ್ಮ ಕಾನಹೊಸಹಳ್ಳಿಯ ತಂಗಿಯ ಮನೆಯಲ್ಲಿ. ಎದುರುಮನೆಯ ಕಟ್ಟೆಯ ಮೇಲೆ ಗಿಡ್ಡಮ್ಮ ಅಕ್ಕಿ ಹಸನು ಮಾಡುತ್ತಿದ್ದಳು.

"ಶಾಂಭವಿ ಅನ್ನೋರ ಮನಿ ಇದೇ ಏನ್ರಿ? ಎಷ್ಟು ವರ್ಷದಿಂದ ಇಲ್ಲಿ ಅದಾರ? ಸ್ವಂತದ್ದೋ, ಬಾಡಗಿಯೋ?"

ಗಿಡ್ಡಮ್ಮ ಮೊರ ಕೆಳಗಿಟ್ಟಳು.

"ಹುಡುಗಿ ಎಲ್ಲಿ ಕೆಲಸ ಮಾಡ್ತಾರ? ಪಗಾರ ಎಷ್ಟೈತಿ? ಮನಿತನದ ಮ್ಯಾಲೆ ಏನಾರ ತಕರಾರು? ನಾನು ಕೇಳಿದ್ದು ಅವರಿಗೆ ಹೇಳಬ್ಯಾಡ್ರಿ, ಇದೆಲ್ಲ ಗುಟ್ಟಾಗಿ ವಿಚಾರ ಮಾಡೋದು."

ಹೆಣ್ಣಿರುವ ಮನೆಯ ಎದುರು ನಿಂತು, ಮನೆಯವರಿಲ್ಲದ ಹೊತ್ತು ನೋಡಿ, ಈ ಪ್ರಶ್ನೆಗಳನ್ನು ಇದೇ ಸಾಲಿನಲ್ಲಿ ಕೇಳುವವರು ಯಾರು ಎಂಬುದು ಗಿಡ್ಡಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥವರಿಗೆ ಏನು ಹೇಳಬೇಕೆಂಬುದೂ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ತನ್ನ ಇಬ್ಬರು ಹೆಣ್ಣುಮಕ್ಕಳ ಮದುವೆಯ ಹೊತ್ತಿಗೆ ನಾಗಲಿಂಗಮ್ಮ ಹೇಳಿದ್ದ ಒಳ್ಳೆಯ ಮಾತುಗಳ ಋಣವೂ ಅವಳ ಮೇಲಿತ್ತು.

"ಒಳಗ ಬರ್ರಿ ಯಪ್ಪಾ, ಬಿಸಲಾಗ ನಿಂತು ಕೇಳೋ ಮಾತಲ್ಲ ಇವು," ಎಂದು ಅವನನ್ನು ಕೂರಿಸಿ, ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ಕೊಟ್ಟಳು. ಬಾಡಿಗೆ ಮನೆಯನ್ನು ಸ್ವಂತದ್ದು ಮಾಡಿದಳು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಸೈಟು ಕೊಡಿಸಿದಳು. ಶಾಂಭವಿಯ ಪಗಾರವನ್ನು ಮೂರು ಪಟ್ಟು ಏರಿಸಿದಳು. "ಹುಡುಗಿ ಅಂದ್ರ ಹುಡುಗಿ ನೋಡ್ರಿ. ಬಾಯಿ ಐತೋ ಇಲ್ಲೋ ಗೊತ್ತಾಗಂಗಿಲ್ಲ."

ಪಾಲಾಕ್ಷಪ್ಪ ಎಲ್ಲ ಬರೆದುಕೊಂಡ. ಎಂಟು ಊರು ತಿರುಗಿದರೂ ಇಷ್ಟು ಮರ್ಯಾದೆ ಅವನಿಗೆ ಎಲ್ಲೂ ಸಿಕ್ಕಿರಲಿಲ್ಲ.

"ಅಂದಂಗ ನೀವು ಯಾರ ಕಡೆಯವ್ರು?" ಎಂದು ಗಿಡ್ಡಮ್ಮ ಎರಡನೇ ಮಿರ್ಚಿ ಹಾಕುತ್ತ ಕೇಳಿದಳು.

"ಬ್ಯಾಂಕಿನ ಕಡೆಯವ್ರು ರೀ. ಬೆಂಗಳೂರು."

ಸಂಜೆ ಈ ಸುದ್ದಿ ಕೇಳಿದ ಶಿವಯೋಗಪ್ಪ ಮನೆಯ ಕಟ್ಟೆಯ ಮೇಲೆ ಸ್ವಲ್ಪ ನೆಟ್ಟಗೆ ಕೂತ. ಗಿಡ್ಡಮ್ಮ ಪ್ರಶ್ನೆಗಳನ್ನೂ ತಾನು ಕೊಟ್ಟ ಉತ್ತರಗಳನ್ನೂ ಒಂದೂ ಬಿಡದೆ ಒಪ್ಪಿಸುತ್ತಿದ್ದರೆ, ಒಳಗೆ ಬಾಗಿಲ ಹಿಂದೆ ನಿಂತ ಶಾಂಭವಿಗೆ ಅವೇ ಪ್ರಶ್ನೆಗಳು ಸುಕನ್ಯಾಳ ಬಾಯಲ್ಲಿ ಕೇಳಿಸಿದವು.

"ಅಪ್ಪಾ, ಅವರು ಅದಕ್ಕ ಬಂದಿಲ್ಲ. ಕ್ರೆಡಿಟ್ ಕಾರ್ಡ್ ಅಂತ ಒಂದು ಫೋನ್ ಬಂದಿತ್ತು…"

"ನೀನು ನಾಚಿಕಿ ಬಿಡಬೇಕವ್ವ," ಎಂದ ಶಿವಯೋಗಪ್ಪ. "ಒಂದು ಕಾರ್ಡಿನ ಸಲುವಾಗಿ ಯಾವ ಮಗನಾದ್ರೂ ಬೆಂಗಳೂರಿಂದ ಬಂದು, ಹುಡುಗಿ ಎಂಥಾಕಿ ಅಂತ ಕೇಳ್ತಾನೇನು?"

ಅದು ಬುದ್ಧಿಯಿದ್ದ ಯಾರೇ ಆಗಲಿ ಕೇಳುವಂಥ ಪ್ರಶ್ನೆ.

ಮರುದಿನ ಈರುಳ್ಳಿ ಮಾರಲು ಬಂದು ಅಂಗಡಿಗೆ ಹೊಕ್ಕ ನೀಲಗುಂದದ ಸೋಮಪ್ಪನಿಗೆ ಶಿವಯೋಗಪ್ಪ ಬೆಲ್ಲ ತೂಗುತ್ತ, ಬ್ಯಾಂಕಿನ ಕಡೆಯವರು ವಿಚಾರ ಮಾಡಿಹೋದದ್ದನ್ನು ಹೇಳಿದ. ಸೋಮಪ್ಪ ಹರಪನಹಳ್ಳಿಯ ಅಮರೇಶನ ಮನೆಯವರಿಗೆ ಬೀಗನಾಗಬೇಕು. ಅಂದೇ ರಾತ್ರಿ ಊಟದ ಹೊತ್ತಿಗೆ, ಈ ಸಂಬಂಧ ತಂದಿದ್ದ ಸೋದರಮಾವ ಕೊಟ್ರಸ್ವಾಮಿ ಹಗರಿಬೊಮ್ಮನಹಳ್ಳಿಯಿಂದ ಫೋನ್ ಮಾಡಿದ.

"ಅಕ್ಕಾ, ಹರಪನಹಳ್ಳಿಯವ್ರು ಹಿಂದಕ್ಕ ಸರಿದಾರ. ಒಬ್ರು ವಿಚಾರ ಮಾಡೋ ಮನಿಗೆ ನಾವು ಅಡ್ಡ ಹೋಗಬಾರದು ಅಂದ್ರು. ಹುಡುಗನ ಮನಸಿನ್ಯಾಗ ಇತ್ತಂತ, ಆದ್ರ ಹಿರೇರ ಮಾತು ಮೀರಂಗಿಲ್ಲ. ಆಯ್ತವಾರ ಚಿಗಟೇರಿಗೆ ಬ್ಯಾರೆ ಹೆಣ್ಣು ನೋಡಾಕ ಹೊಂಟಾರ."

"ಹೋಗ್ಲಿ ಬಿಡು, ನಮಗ ಬ್ಯಾಂಕಿನವರು ಅದಾರಲ್ಲ," ಎಂದ ಶಿವಯೋಗಪ್ಪ, ಹೆಂಡತಿಯಿಂದ ಸುದ್ದಿ ಕೇಳಿ ಮಜ್ಜಿಗೆ ಹಾಕಿಸಿಕೊಳ್ಳುತ್ತ. ಶಾಂಭವಿ ಅನ್ನ ಕಲಸಿದ್ದಳು, ಉಣ್ಣಲಿಲ್ಲ. ನಾಗಲಿಂಗಮ್ಮ ಅದನ್ನು ನೋಡಿದಳು.

ಶನಿವಾರ ಬೆಳಿಗ್ಗೆ ಶಾಲೆ ಬಿಟ್ಟು ಬರುವಾಗ ಮತ್ತೆ ಸುಕನ್ಯಾಳ ಫೋನು.

"ಮೇಡಂ, ವೆರಿಫಿಕೇಶನ್ ಸೂಪರ್ ಆಗಿ ಬಂದಿದೆ! ನಿಮಗೆ ಗೋಲ್ಡ್ ಕಾರ್ಡ್ ಆಗಿದೆ. ವರ್ಷಕ್ಕೆ ಸ್ವಲ್ಪ ಫೀಸ್ ಇರುತ್ತೆ ಅಷ್ಟೆ."

"ಜೀವನಪೂರ್ತಿ ಫ್ರೀ ಅಂದಿದ್ರಿ."

"ಅದು ಸಿಲ್ವರ್ ಮೇಡಂ. ನೀವು ಅದನ್ನ ದಾಟಿಬಿಟ್ರಿ."

ಶಾಂಭವಿ ರಸ್ತೆಯ ಬದಿಯ ಬೇವಿನ ಮರದ ಕೆಳಗೆ ನಿಂತಳು. "ನನಗ ಬ್ಯಾಡ್ರಿ," ಎಂದಳು.

"ಈಗ ಬೇಡ ಅಂತಾನಾ ಮೇಡಂ?"

"ಅಲ್ರಿ. ಯಾವತ್ತೂ ಬ್ಯಾಡ."

"ಇನ್ನೊಂದ್ಸಲ ವಿಚಾರ ಮಾಡಿ ಮೇಡಂ, ಇಂಥದ್ದು ಮತ್ತೆ ಸಿಗಲ್ಲ."

"ವಿಚಾರ ಮಾಡೀನ್ರಿ. ಬ್ಯಾಡ ಅಂತಲೇ ಬರಕೊಳ್ರಿ." ಆಕಾಶ ಕಳಚಿ ಬೀಳಲಿಲ್ಲ. ಎದುರಿನಿಂದ ಬರುತ್ತಿದ್ದ ಎಮ್ಮೆಯೂ ತಿರುಗಿ ನೋಡಲಿಲ್ಲ. ಅದರಿಂದ ಧೈರ್ಯ ಬಂದು ಶಾಂಭವಿ ಕೇಳಿದಳು, "ಒಂದು ಮಾತು ಹೇಳ್ರಿ. ಮಂದಿ ಕೇಳಿಸ್ಕಳ್ಳದನ ಫೋನ್ ಇಟ್ಟುಬಿಟ್ರ ಏನ್ ಮಾಡ್ತೀರಿ?"

ಸುಕನ್ಯಾಳ ದನಿ ಮೊದಲ ಸಲ ಮಾಮೂಲಿ ಮನುಷ್ಯರಂತಾಯಿತು. "ಮತ್ತೆ ಮಾಡ್ತೀವಿ. ಎತ್ತಿದ ತಕ್ಷಣ ವಿಷಯ ಹೇಳ್ಬಿಡ್ಬೇಕು, ಹಲೋ ಗಿಲೋ ಅಂತ ಕೂರಬಾರದು. ಯಾಕೆ, ನೀವೂ ಈ ಕೆಲಸಕ್ಕೆ ಸೇರ್ತೀರಾ?"

"ಇಲ್ರಿ. ಒಬ್ರಿಗೆ ಮಾಡೋದೈತಿ."

ಮನೆಯಲ್ಲಿ ಅವ್ವ ಒಬ್ಬಳೇ ಇದ್ದಳು. ಅಮರೇಶ್‌ನ ನಂಬರು ಬೇಕೆಂದು ಶಾಂಭವಿ ಗೋಡೆ ನೋಡಿಕೊಂಡು ಕೇಳಿದಳು. ಹೆಣ್ಣಿನ ಕಡೆಯಿಂದ ಹೆಣ್ಣೇ ಫೋನ್ ಮಾಡುವುದು ಆ ಮನೆತನದಲ್ಲಿ ನಡೆದದ್ದಿಲ್ಲ. ನಾಗಲಿಂಗಮ್ಮ ನಂಬರು ಹೇಳಿ, "ನಾನು ಹಿತ್ತಲದಾಗ ಇದ್ದೆ, ನನಗೇನೂ ಗೊತ್ತಿಲ್ಲ," ಎಂದು ಹಿತ್ತಲಿಗೆ ಹೋದಳು.

ಅಮರೇಶ್ ಫೋನ್ ಎತ್ತಿದ.

"ನಮಸ್ಕಾರ್ರಿ, ಅಮರೇಶ್ ಅವರೇನ್ರಿ ಮಾತಾಡೋದು?"

"ಕಾರ್ಡ್ ಬ್ಯಾಡ್ರಿ, ಲೋನೂ ಬ್ಯಾಡ," ಎಂದು ಅವನು ಕಟ್ ಮಾಡಿದ.

ಅವಳು ಮತ್ತೆ ಮಾಡಿದಳು. ಎತ್ತಿದ ತಕ್ಷಣ ಒಂದೇ ಉಸಿರಿನಲ್ಲಿ, "ನಾನು ಕೊಟ್ಟೂರಿನ ಶಾಂಭವಿ, ನಮ್ಮ ಮನಿಗೆ ಬಂದಿದ್ದವನು ಕಾರ್ಡ್ ಮಾರೋನು, ನನ್ನ ಯಾರೂ ವಿಚಾರ ಮಾಡಿಲ್ಲ, ಮನಿ ಬಾಡಗಿದು, ಸೈಟು ಇಲ್ಲ," ಎಂದಳು.

ಅತ್ತ ಪ್ರೆಷರ್ ಕುಕ್ಕರ್ ಒಂದು ಸಲ ಕೂಗಿತು.

"ಸೈಟಿನ ಸುದ್ದಿ ನಮಗ ಬಂದಿರಲಿಲ್ಲ," ಎಂದ ಅಮರೇಶ್. ಆಮೇಲೆ, "ಹಂಗಾರ ನಾಳಿ ಚಿಗಟೇರಿಗೆ ಹೋಗೋದು ಬ್ಯಾಡ ಅಂತೀರೇನು?"

'ನಿಮ್ಮಿಷ್ಟ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಶಾಂಭವಿ ಅದನ್ನು ನುಂಗಿದಳು. "ಬ್ಯಾಡ್ರಿ," ಎಂದಳು.

"ಆತು. ಅಪ್ಪಗ ಹೇಳ್ತೀನಿ. ಇಲ್ಲೇ ಕುಂತು ಕೇಳಾಕತ್ಯಾರ."

ಇನ್ನುಳಿದದ್ದು ಅವಳ ಅಪ್ಪ. ಅವಳು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದಳು. ಶಿವಯೋಗಪ್ಪ ತೊಗರಿಬೇಳೆ ತೂಗುತ್ತಿದ್ದ.

"ಅಪ್ಪಾ, ನನಗ ಬ್ಯಾಂಕಿನವರು ಬ್ಯಾಡ. ಹರಪನಹಳ್ಳಿಯವರೇ ಆಗ್ಲಿ."

ತಕ್ಕಡಿ ಕೈಯಲ್ಲೇ ನಿಂತಿತು. ಮಗಳು ಇಷ್ಟುದ್ದದ ಮಾತಾಡಿದ್ದು ಶಿವಯೋಗಪ್ಪನ ನೆನಪಿನಲ್ಲಿರಲಿಲ್ಲ. ಗಿರಾಕಿಯ ಎದುರಿಗೆ ಜಗಳಾಡುವುದು ಅವನ ಜಾಯಮಾನವೂ ಅಲ್ಲ.

"ಅಷ್ಟು ದೂರದಿಂದ ಬಂದು ವಿಚಾರ ಮಾಡ್ಯಾರ. ಈಗ ಬ್ಯಾಡ ಅಂತ ಅವರ ಮುಂದ ಯಾರು ಹೇಳೋರು?"

"ನಾನ ಹೇಳೀನಿ. ಈಗಷ್ಟ."

"ಏನಂದ್ರು?"

"ಇನ್ನೊಮ್ಮೆ ವಿಚಾರ ಮಾಡ್ರಿ ಅಂದ್ರು."

ಶಿವಯೋಗಪ್ಪ ತಕ್ಕಡಿಯ ಮುಳ್ಳು ನೋಡಿದ. "ಭಾಳ ಮರ್ಯಾದಸ್ಥರು," ಎಂದು ಬೇಳೆಯನ್ನು ಚೀಲಕ್ಕೆ ಸುರಿದ.