ಬೇಕಂತಲೇ ತಪ್ಪು ಉತ್ತರ

ಡೇನಾ ಕೊವಾಚ್ ಆ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಒಗೆದ ರಭಸಕ್ಕೆ ಗಸ್‌ನ ಕಾಫಿ ತುಳುಕಿತು.

"ಓದು. ನನ್ನ ಗಂಡ ಚೆನ್ನಾಗಿದ್ದಾನಂತೆ!"

ಗಸ್ ಪೆಟ್ರಾಕಿಸ್ ಕನ್ನಡಕ ಏರಿಸಿಕೊಂಡು ಓದಿದ. ವೇಡ್ ಕೊವಾಚ್, ವಯಸ್ಸು ನಲವತ್ತೆಂಟು, ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. ನೆನಪಿನ ಪರೀಕ್ಷೆಯಲ್ಲಿ ಈಗ ಬಂದಿರುವ ಅಂಕವೂ ಆಡುವ ಕಾಲದಲ್ಲಿ ಬಂದಿದ್ದ ಅಂಕವೂ ಹೆಚ್ಚುಕಡಿಮೆ ಒಂದೇ. ಬುದ್ಧಿ ಕುಂದಿದೆ ಎನ್ನುವುದಕ್ಕೆ ಪುರಾವೆ ಇಲ್ಲ. ಪುರಾವೆ ಇಲ್ಲದ ಮೇಲೆ ಮಾಜಿ ಆಟಗಾರರ ಆರೈಕೆಮನೆಯಲ್ಲಿ ಜಾಗವೂ ಇಲ್ಲ.

ಆ ಜಾಗಕ್ಕಾಗಿ ಡೇನಾ ಒಂದು ವರ್ಷದಿಂದ ಅಲೆಯುತ್ತಿದ್ದಳು. ಅವಳು ಶಾಲೆಯ ಬಸ್ ಓಡಿಸುವವಳು, ಬೆಳಕು ಹರಿಯುವ ಮುಂಚೆ ಮನೆ ಬಿಡಬೇಕು. ಅವಳಿಲ್ಲದಾಗ ವೇಡ್ ಎರಡು ಸಲ ಒಲೆ ಹೊತ್ತಿಸಿ ಮರೆತಿದ್ದ. ಜನವರಿಯಲ್ಲಂತೂ ಬರಿಗಾಲಲ್ಲಿ ಹಿಮದೊಳಗೆ ನಡೆದು ಹೆದ್ದಾರಿಯ ತನಕ ಹೋಗಿದ್ದ. ಇನ್ನೊಂದು ಚಳಿಗಾಲ ಮನೆಯಲ್ಲಿಟ್ಟುಕೊಂಡರೆ ಅವನು ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

"ಮೊದಲಿಂದ್ಲೂ ಇಷ್ಟೇ ದಡ್ಡ ಅನ್ನೋ ಹಾಗೆ ಬರ್ದಿದ್ದಾರೆ ಗಸ್! ಆಟದ ಮುನ್ನೂರು ಪಟ್ಟು ತಲೇಲಿ ಇಟ್ಕೊಂಡಿದ್ದೋನು. ನೀನೇ ಹೇಳು, ಅವನು ದಡ್ಡನಾ?"

ಅದು ಗಸ್‌ಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು! ಅದೇ ತಂಡದಲ್ಲಿ ಒಂಬತ್ತು ವರ್ಷ ಅವನು ವೇಡ್‌ನ ಮುಂದೆ ಬಗ್ಗಿ, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟಿದ್ದ. ವೇಡ್ ಹಿಡಿದು ಎಸೆದಿದ್ದ.

"ಅದು ಅವನ ನಿಜವಾದ ಅಂಕ ಅಲ್ಲ ಡೇನಾ."

"ಅಂದ್ರೆ?"

"ಬೇಕಂತಲೇ ತಪ್ಪು ಹೇಳಿದ್ದ. ನಾವೆಲ್ಲ ಹಾಗೇ ಮಾಡ್ತಿದ್ವಿ. ಅವನಿಗೆ ಹೇಳ್ಕೊಟ್ಟೋನು ನಾನೇ."

ನಡೆದದ್ದು ಇಷ್ಟು. ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮುಂಚೆ ತಂಡದವರು ಎಲ್ಲರನ್ನೂ ಕೂರಿಸಿ ನೆನಪಿನ ಪರೀಕ್ಷೆ ಮಾಡುತ್ತಿದ್ದರು. ಮುಂದೆ ತಲೆಗೆ ಪೆಟ್ಟು ಬಿದ್ದಾಗ ಅದೇ ಪರೀಕ್ಷೆ ಮತ್ತೆ. ಮೊದಲಿಗಿಂತ ಕಡಿಮೆ ಬಂದರೆ ಹೊರಗೆ ಕೂರಬೇಕು. ಹೊರಗೆ ಕೂತವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಬಂದವನು ಸುಲಭಕ್ಕೆ ಜಾಗ ಬಿಡುವುದಿಲ್ಲ. ಅದಕ್ಕೇ ಹಳಬರು ಮೊದಲ ಪರೀಕ್ಷೆಯಲ್ಲೇ ದಡ್ಡರಾಗಿಬಿಡುತ್ತಿದ್ದರು. ಹೊಸದಾಗಿ ಬಂದ ವೇಡ್‌ಗೆ ಗಸ್ ಊಟದ ಸಾಲಿನಲ್ಲಿ ನಿಂತು ಈ ಉಪಾಯ ಹೇಳಿಕೊಟ್ಟ. ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದ ಕೂಡ. ಆ ಉಪಕಾರದಿಂದ ವೇಡ್ ಹನ್ನೊಂದು ವರ್ಷ ಆಡಿದ. ತಲೆ ಗಿರ್ರೆನ್ನುತ್ತಿದ್ದರೂ ಪರೀಕ್ಷೆ ಪಾಸಾಗಿ ಮುಂದಿನ ಭಾನುವಾರವೇ ಮೈದಾನಕ್ಕಿಳಿದ. ಊರಿನ ಜನ ಅವನ ಹೆಸರಿನ ಅಂಗಿ ತೊಟ್ಟು ಕುಣಿದರು. ಮೂವತ್ಮೂರನೇ ವಯಸ್ಸಿಗೆ ತಂಡದವರು ಫೋನಿನಲ್ಲೇ ಸಾಕು ಎಂದರು.

ಡೇನಾ ಕೂಗಾಡಲಿಲ್ಲ. ಕೂಗಾಡಿದ್ದರೆ ಗಸ್‌ನ ಎದೆ ಸ್ವಲ್ಪ ಹಗುರವಾಗುತ್ತಿತ್ತು.

"ಗುರುವಾರ ಬಂದು ಇದನ್ನೇ ಡಾಕ್ಟರ್ ಮುಂದೆ ಹೇಳು. ಆಮೇಲೆ ನಿನ್ನ ಮುಖ ನೋಡ್ಬೇಕೋ ಬೇಡ್ವೋ ಯೋಚ್ನೆ ಮಾಡ್ತೀನಿ."

ಗುರುವಾರ ಮೂವರೂ ಕ್ಲೀವ್‌ಲೆಂಡ್ ನಗರದ ಆಸ್ಪತ್ರೆಗೆ ಹೋದರು. ಡಾಕ್ಟರ್ ವಿಟ್ಲಾಕ್ ಎಂಬ ಹೆಂಗಸು ಗಸ್ ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದರು.

"ನೀವು ಬರೆದು ಕೊಟ್ರೆ ಹಳೇ ಅಂಕನ ಬದಿಗಿಡ್ತೀನಿ. ಇವತ್ತು ಹೊಸದಾಗಿ ಪರೀಕ್ಷೆ ಮಾಡೋಣ. ಆದ್ರೆ ವೇಡ್ ಅವರು ಪ್ರಾಮಾಣಿಕವಾಗಿ ಉತ್ತರ ಹೇಳ್ಬೇಕು. ನಾಟಕ ಅಂತ ಅನುಮಾನ ಬಂದ್ರೂ ನಾನು ಸಹಿ ಹಾಕೋ ಹಾಗಿಲ್ಲ."

ಗಸ್ ತನ್ನ ಮೋಸವನ್ನು ತನ್ನ ಕೈಯಾರೆ ಬರೆದು ಕೊಟ್ಟ. ವೇಡ್ ಒಳಗೆ ಹೋದ.

ಒಂದು ಗಂಟೆಯ ನಂತರ ಬಾಗಿಲು ತೆರೆಯಿತು. ಡಾಕ್ಟರ ಮುಂದೆ ಮುಂದೆ ವೇಡ್ ಬಂದ, ಟಿವಿಯಲ್ಲಿ ಊರೆಲ್ಲ ನೋಡಿದ್ದ ಅದೇ ಚೆಂದದ ನಗು ಮುಖದ ತುಂಬ. ಗಸ್‌ನ ಬೆನ್ನಿಗೊಂದು ಗುದ್ದು ಕೊಟ್ಟ.

"ಏನೋ ಡುಮ್ಮ, ಇಲ್ಲೇ ಕೂತಿದೀಯಾ! ಒಂದೂ ಸರಿ ಹೇಳ್ಲಿಲ್ಲ ಕಣೋ. ನೀನು ಹೇಳ್ಕೊಟ್ಟ ಹಾಗೇ ಮಾಡ್ದೆ. ಈ ಸಲ ಯಾವನೂ ನನ್ನ ಹೊರಗೆ ಕೂರ್ಸೋಕಾಗಲ್ಲ."

ಡಾಕ್ಟರ್ ಪೆನ್ನಿನ ಕ್ಯಾಪು ಮುಚ್ಚಿ ಗಸ್‌ನನ್ನು ನೋಡಿದರು. ಗಸ್‌ಗೆ ತನ್ನ ನಾಲಿಗೆಯನ್ನೇ ಕಿತ್ತೆಸೆಯಬೇಕೆನಿಸಿತು. ಒಂದು ವರ್ಷದ ಅಲೆದಾಟ ಒಂದು ಮಾತಿಗೆ ನೀರುಪಾಲಾಗುವುದರಲ್ಲಿತ್ತು.

"ವೇಡ್, ಡಾಕ್ಟರ್ ನಮ್ಮೋರೇ ಕಣೋ," ಎಂದ ಅವನು. "ಇವರ ಹತ್ರ ಮುಚ್ಚುಮರೆ ಬೇಡ. ಆಗಿನ ಹಾಗೇ ಐದು ಪದ ನೆನಪಿಟ್ಕೊ ಅಂದಿರ್ತಾರಲ್ಲ, ಅದನ್ನ ಈಗ ನಿಜವಾಗಿ ಹೇಳ್ಬಿಡು."

"ಅಷ್ಟೇನಾ!"

ವೇಡ್ ಎಣಿಸುವವನಂತೆ ಕೈ ಎತ್ತಿ ಹೆಬ್ಬೆರಳು ಮಡಚಿದ. ಬಾಯಿ ತೆರೆದ. ಬೆರಳು ಬಿಚ್ಚಿ ಮತ್ತೆ ಮಡಚಿದ.

"ಒಂದಾದ್ರೂ ಹೇಳಿ, ಪರವಾಗಿಲ್ಲ," ಎಂದರು ಡಾಕ್ಟರ್.

ಅವನು ಡೇನಾಳ ಮುಖ ನೋಡಿದ, ಗೋಡೆ ನೋಡಿದ. ನಗು ಇನ್ನೂ ತುಟಿಯ ಮೇಲಿತ್ತು, ಕಣ್ಣು ಮಾತ್ರ ಹೆದರಿತ್ತು. ಕೊನೆಗೆ ಗಸ್‌ನ ತೋಳು ಹಿಡಿದೆಳೆದು, ಹೆಂಗಸರಿಗೆ ಕೇಳಿಸಬಾರದೆಂದು ಕಿವಿಯ ಹತ್ತಿರ ಬಂದ.

"ಲೋ ಗಸ್, ನಾನು ಬೇಕಂತ ತಾನೇ ತಪ್ಪು ಹೇಳಿದ್ದು?"

ಮೇಜಿನ ಹತ್ತಿರ ಡಾಕ್ಟರ್ ಮತ್ತೆ ಪೆನ್ನು ತೆರೆದು ಆರೈಕೆಮನೆಯ ಕಾಗದಕ್ಕೆ ಸಹಿ ಹಾಕುತ್ತಿದ್ದರು. ಡೇನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

"ಹೂಂ ಕಣೋ," ಎಂದ ಗಸ್. "ಬೇಕಂತಲೇ. ನನಗಿಂತ ಚೆನ್ನಾಗಿ ಮಾಡ್ದೆ."