ಇಳಿದ ಭುಜ

ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದ ಮೇಲೆ ಟೀಚರಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಜೊತೆಗಿದ್ದ ತಂಗಿ ಹಾಕಿದ ಕಸೂತಿಯನ್ನು ಬಿಚ್ಚಿ ತಾನೇ ಹಾಕುವಳು, ಗೋಡೆಯ ಫೋಟೋಗಳನ್ನು ದಿನವೂ ನೇರ ಮಾಡುವಳು. "ಅಕ್ಕಾ, ನನ್ನ ಮೂಗೊಂದು ಉಳಿದಿದೆ, ಅದನ್ನೂ ತಿದ್ದಿಬಿಡು," ಎಂದು ತಂಗಿ ತಮಾಷೆ ಮಾಡುತ್ತಿದ್ದಳು. ಹಾಸ್ಪಿಸ್‌ನಲ್ಲಿ ವಾರಕ್ಕೊಮ್ಮೆ ಕರಕುಶಲ ಹೇಳಿಕೊಡುವವರು ಬೇಕಂತೆ ಎಂಬ ಸುದ್ದಿ ತಂದವಳೂ ಅವಳೇ.

ವಾಸಿಯಾಗದ ಕಾಯಿಲೆಯವರು ಉಳಿದ ದಿನಗಳನ್ನು ಆದಷ್ಟು ನೋವಿಲ್ಲದೆ ಕಳೆಯಲೆಂದು ಇದ್ದ ಜಾಗ ಅದು. ಇಲ್ಲಿ ಯಾರಿಗೂ ಮಾರ್ಕ್ಸ್ ಕೊಡುವ ಹಾಗಿಲ್ಲ, ಅವರವರ ಕೈಗೆ ಬಂದಂತೆ ಮಾಡಲಿ ಎಂದು ಹಿರಿಯ ನರ್ಸ್ ಮೊದಲ ದಿನವೇ ಹೇಳಿದ್ದರು. ಟೀಚರ್ ತಲೆಯಾಡಿಸಿದ್ದಳು. ಅಷ್ಟೂ ಗೊತ್ತಿಲ್ಲದವಳೇ ತಾನು ಎಂದು ಒಳಗೊಳಗೇ ಸ್ವಲ್ಪ ಚುರುಕ್ ಎಂದಿತ್ತು.

ಬರುತ್ತಿದ್ದವರಲ್ಲಿ ಒಬ್ಬ ಲಾರಿ ಡ್ರೈವರ್. ಎತ್ತರದ ಆಳು, ಈಗ ಮೂಳೆ ಚಕ್ಕಳವಾಗಿ ಗಾಲಿಕುರ್ಚಿಯಲ್ಲಿ ಕೂತಿದ್ದ. ಸ್ಟೀರಿಂಗ್ ಬಿಟ್ಟು ಬೇರೇನೂ ಹಿಡಿದವನಲ್ಲ ಎಂದು ನಗುತ್ತಲೇ ಜೇಡಿಮಣ್ಣಿನ ಮುದ್ದೆ ಕೇಳಿದ. ಬೇರೆಯವರು ವಾರಕ್ಕೊಂದು ಹೂವು, ಬಟ್ಟಲು ಮಾಡಿದರೆ ಇವನು ಒಂದೇ ಗೊಂಬೆಯನ್ನು ಹಿಡಿದು ಕೂತ. ಮೆಟ್ಟಿಲ ಮೇಲೆ ಕೂತ ಹೆಂಗಸು, ತೀರಿಹೋದ ತನ್ನ ಹೆಂಡತಿ ಎಂದ. ಹೆಬ್ಬೆರಳಲ್ಲಿ ಒತ್ತುವುದು, ಸುಸ್ತಾಗಿ ಕಣ್ಣು ಮುಚ್ಚುವುದು, ಮತ್ತೆ ಒತ್ತುವುದು. ಮನೆಗೆ ಹೋಗುವಾಗ ಟೀಚರ್ ಅದರ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ಒಂದು ಭುಜ ಇಳಿದಿತ್ತು, ಕುತ್ತಿಗೆ ವಾಲಿತ್ತು. ನೋಡಿದಾಗಲೆಲ್ಲ ಅವಳ ಕೈ ಕಡಿಯುತ್ತಿತ್ತು.

ಹಾಸ್ಪಿಸ್‌ಗೆ ನೆರವು ಕೊಡುವ ದೊಡ್ಡವರು ನೋಡಲು ಬರುತ್ತಾರೆಂದು ಒಂದು ದಿನ ಎಲ್ಲವನ್ನೂ ಕಿಟಕಿಯ ಹಲಗೆಯ ಮೇಲೆ ಜೋಡಿಸಿದರು. ಅವರು ಬರುವುದಕ್ಕೆ ಹಿಂದಿನ ದಿನ ಮಧ್ಯಾಹ್ನ ರೋಗಿಗಳೆಲ್ಲ ಹಾಸಿಗೆಗೆ ಹೋದ ಮೇಲೆ ಟೀಚರ್ ಒಬ್ಬಳೇ ಬ್ರಷ್ ತೊಳೆಯುತ್ತಿದ್ದಳು. ಚೂರೇ ಚೂರು ಎಂದುಕೊಂಡು ಒದ್ದೆ ಬೆರಳನ್ನು ಆ ಭುಜದ ಮೇಲೆ ಇಟ್ಟಳು. ಭುಜ ಎದ್ದಿತು. ಈಗ ಕುತ್ತಿಗೆ ಸರಿ ಕಾಣಲಿಲ್ಲ, ಅದನ್ನೂ ಎತ್ತಿದಳು. ಆಮೇಲೆ ಮುಖ. ಕೈ ತೊಳೆದುಕೊಳ್ಳುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಚೆಂದದ ಹೆಂಗಸು ನೆಟ್ಟಗೆ ಕೂತಿದ್ದಳು.

ಬಂದವರು ಆ ಗೊಂಬೆಯ ಮುಂದೆಯೇ ನಿಂತರು. ಇಂಥವರ ಕೈಯಲ್ಲಿ ಇಂಥ ಕೆಲಸ ತೆಗೆಸಿದ್ದೀರಲ್ಲ ಎಂದು ಟೀಚರನ್ನು ಹೊಗಳಿದರು. ಅವಳು ಹಿಗ್ಗಿದಳು. ಹಿಗ್ಗಿನ ಮುಖದಲ್ಲೇ ತಿರುಗಿದರೆ ಬಾಗಿಲಲ್ಲಿ ಡ್ರೈವರ್‌ನ ಕುರ್ಚಿ.

ಅವನು ತುಂಬಾ ಹೊತ್ತು ನೋಡಿದ. "ಇವಳು ಯಾರು ಟೀಚರ್?"

"ನಿಮ್ಮ ಮನೆಯವರೇ ಅಲ್ವಾ. ಒಣಗುವಾಗ ಮಣ್ಣು ಸ್ವಲ್ಪ ಎಳ್ಕೊಳ್ಳುತ್ತೆ."

ಸುಳ್ಳು ಅಷ್ಟು ಸಲೀಸಾಗಿ ಬಂತು. ಅವನು ಅವಳ ಮುಖ ನೋಡಿದ, ಸುತ್ತ ನಿಂತವರನ್ನು ನೋಡಿದ. "ಹೌದಾ," ಎಂದ. "ಮಣ್ಣಲ್ವಾ, ಏನ್ ಮಾಡೋಕಾಗುತ್ತೆ."

ಮುಂದಿನ ವಾರ ಅವಳು ಹೊಸ ಮುದ್ದೆಯನ್ನು ಕಲಸಿ ಅವನ ಮುಂದಿಟ್ಟಳು. ನಿಜ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು, ಬಾಯಿ ಬರಲಿಲ್ಲ. ಅವನು ಒಮ್ಮೆ ಒತ್ತಿದ, ಬೆರಳು ಒಳಗಿಳಿಯಲಿಲ್ಲ. ಸಾಕು ಎಂದು ಅದನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಅವನು ಆ ಕೋಣೆಗೆ ಬರಲಿಲ್ಲ. ಸ್ವಲ್ಪ ದಿನಕ್ಕೇ ತೀರಿಕೊಂಡ.

ಅವನ ಬಟ್ಟೆಬರೆ ಒಯ್ಯಲು ಮಗಳು ಬಂದಾಗ, ಗೊಂಬೆಯನ್ನೂ ಕೊಡಿ ಎಂದು ನರ್ಸ್ ಹೇಳಿಕಳಿಸಿದರು. ಟೀಚರ್ ಅದನ್ನು ಎರಡು ಕೈಯಲ್ಲಿ ಹಿಡಿದು ತಂದಳು. ಮಗಳು ಏನೂ ಕೇಳಲಿಲ್ಲ. ಸುಮ್ಮನೆ ಕೊಟ್ಟು ತಿರುಗಿದ್ದರೆ ಮುಗಿಯುತ್ತಿತ್ತು. ಆದರೆ ಆ ಹುಡುಗಿಯ ಕಣ್ಣು ಗೊಂಬೆಯ ಭುಜದ ಮೇಲೆ ನಿಂತದ್ದನ್ನು ಅವಳು ಕಂಡಳು.

"ಇದನ್ನ ನಾನು ತಿದ್ದಿದ್ದೀನಮ್ಮ," ಎಂದಳು. "ಮಣ್ಣು ಎಳ್ಕೊಂಡಿದ್ದು ಅಂತ ನಿಮ್ಮಪ್ಪನ ಹತ್ರ ಸುಳ್ಳು ಹೇಳಿದೆ."

"ಗೊತ್ತು ಮೇಡಂ. ಅಪ್ಪ ಹೇಳಿದ್ರು. ಟೀಚರ್ ಹತ್ರ ಕೇಳ್ಬೇಡ, ಅಷ್ಟು ಜನರ ಮುಂದೆ ಆಗ್ಲೇ ಅವರ ಮುಖ ಸಣ್ಣದಾಗಿತ್ತು ಅಂದ್ರು."

ಟೀಚರಿಗೆ ನಿಂತ ನೆಲ ಬಾಯಿಬಿಡಬಾರದೇ ಎನಿಸಿತು. ಸಾಯುವ ಮನುಷ್ಯ ಅವಳ ಮಾನ ಕಾದಿದ್ದ.

"ಅಮ್ಮಂಗೆ ಮದುವೆಗೆ ಮುಂಚೆನೇ ಆ ಭುಜ ಹಾಗಿತ್ತು," ಎಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾವುದೋ ಹೆಂಗಸನ್ನ ಮನೇಲಿಟ್ಟು ನಾನೇನ್ ಮಾಡ್ಲಿ? ನೀವೇ ಇಟ್ಕೊಳ್ಳಿ." ಬಟ್ಟೆಯ ಗಂಟನ್ನು ಬಗಲಿಗೇರಿಸಿ ಹೊರಟಳು.

ಟೀಚರ್ ಆ ದಿನವೇ ನರ್ಸ್‌ಗೆ ಎಲ್ಲವನ್ನೂ ಹೇಳಿ, ಇನ್ನು ಬರುವುದಿಲ್ಲ ಎಂದಳು. ಬಿಟ್ಟುಹೋಗುವುದು ಸುಲಭ ಎಂದರು ನರ್ಸ್, ಬೇರೆ ಸಮಾಧಾನ ಹೇಳಲಿಲ್ಲ. ಹಾಗಾಗಿ ಮುಂದಿನ ವಾರವೂ ಹೋದಳು. ಕಾಗದದ ಹಕ್ಕಿ ಅಂಟಿಸುತ್ತಿದ್ದ ಅಜ್ಜಿಯೊಬ್ಬರು ರೆಕ್ಕೆಯನ್ನು ತಲೆಯ ಮೇಲೆ ಅಂಟಿಸಿ, ಸರಿಯಾಯಿತೇ ಎಂದು ಕೇಳಿದರು. ಟೀಚರ್ ಆ ಹಕ್ಕಿಯನ್ನು ಮುಟ್ಟದೆ ನೋಡಿದಳು. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಹೀಗೇನಾ ಅಜ್ಜಿ ಎಂದು ಕೇಳುವಾಗ ಅವಳ ಮುಖ ಕಿವಿಯವರೆಗೆ ಬಿಸಿಯಾಯಿತು.