ಅಕ್ಕನ ಅಭಿಪ್ರಾಯ

ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಮುಲಾಜಿಲ್ಲ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ‘ಮುಲಾಜಿಲ್ಲ’ ಎಂಬುದು ಅವನ ಬ್ಲಾಗಿನ ಹೆಸರು. ಅಗ್ಗದ ಸ್ಪೀಕರು, ಅಗ್ಗದ ಪ್ರೊಜೆಕ್ಟರು, ಟೀವಿಯ ಬೆನ್ನಿಗೆ ಸಿಕ್ಕಿಸುವ ಡಬ್ಬಿ, ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು, ಇಂಥವನ್ನು ಸ್ವಂತ ದುಡ್ಡಿನಲ್ಲಿ ತಂದು, ಮನೆಯಲ್ಲಿಟ್ಟು ಬಳಸಿ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದ. ಹೊಗಳಿಸಿಕೊಳ್ಳಲೆಂದು ಕಂಪನಿಯವರು ಪುಕ್ಕಟೆ ಕಳಿಸಿದ್ದನ್ನು ಬಿಚ್ಚದೆಯೇ ವಾಪಸ್ಸು ಕಳಿಸುತ್ತಿದ್ದ. “ಈ ಪ್ರೊಜೆಕ್ಟರಿನ ಫ್ಯಾನು ತಿರುಗುವ ಸದ್ದಿನಲ್ಲಿ ಯುದ್ಧದ ಸಿನಿಮಾ ಬಿಟ್ಟು ಬೇರೇನೂ ನೋಡಲಾಗುವುದಿಲ್ಲ” ಎಂದೋ, “ಈ ಲ್ಯಾಪ್‌ಟಾಪು ಕಣ್ಣು ಬಿಡುವಷ್ಟರಲ್ಲಿ ಸ್ನಾನ ಮುಗಿಸಿ ಬರಬಹುದು, ಶುಚಿಯಾಗಿರಬೇಕೆನ್ನುವವರು ಧಾರಾಳವಾಗಿ ಕೊಳ್ಳಿ” ಎಂದೋ ಬರೆದರೆ ಓದುಗರು ಬಿದ್ದು ಬಿದ್ದು ನಗುತ್ತಿದ್ದರು. ನಕ್ಕವರೇ ಅವನ ಮಾತನ್ನು ನಂಬಿ ಸಾಮಾನು ಕೊಳ್ಳುತ್ತಿದ್ದರು.

ಹೊಟ್ಟೆಪಾಡಿಗೆ ಅವನದು ವಿದ್ಯುತ್ ಇಲಾಖೆಯ ಮೀಟರ್ ಪರೀಕ್ಷೆಯ ಕೋಣೆಯಲ್ಲಿ ಕೆಲಸ. ಗೋಡೆಯುದ್ದಕ್ಕೂ ಒಂದು ಮೇಜು, ಅದರ ಮೇಲೆ ಜನರ ಮನೆಗಳಿಂದ ಕಿತ್ತು ತಂದ ಮೀಟರುಗಳ ಸಾಲು, ಸಾಲಿನ ತುದಿಗೆ ಗಾಜಿನ ಪೆಟ್ಟಿಗೆಯೊಳಗೆ ಸ್ಟ್ಯಾಂಡರ್ಡ್ ಮೀಟರು. ಎಲ್ಲಕ್ಕೂ ಒಂದೇ ಕರೆಂಟು ಹಾಯಿಸಿ, ಸ್ಟ್ಯಾಂಡರ್ಡ್ ಮೀಟರು ತೋರಿಸಿದ್ದನ್ನೇ ಉಳಿದವೂ ತೋರಿಸುತ್ತವೆಯೇ ಎಂದು ನೋಡುವುದು. ಅದು ಹೇಳಿದ್ದೇ ಸತ್ಯ, ಉಳಿದವೆಲ್ಲ ಅದರ ಮುಂದೆ ಕೈಕಟ್ಟಿ ನಿಲ್ಲಬೇಕು. ಆದರೆ ಆ ದೊಡ್ಡ ಮನುಷ್ಯನನ್ನೂ ವರ್ಷಕ್ಕೊಮ್ಮೆ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿ, ಅದು ಸರಿ ಇದೆಯೇ ಎಂದು ನೋಡಿಸಿಕೊಂಡು ಬರಬೇಕೆಂಬ ನಿಯಮವಿತ್ತು. ಅದನ್ನು ಕಳಿಸುವ ಕೆಲಸವೂ ಮುಲಾಜಿಲ್ಲನದೇ.

ಮನೆಯಲ್ಲಿ ಅವನ ಸ್ಟ್ಯಾಂಡರ್ಡ್ ಮೀಟರು ಅವನ ಅಕ್ಕ. ಹಾಗಂತ ಬ್ಲಾಗಿನಲ್ಲಿ ಬರೆದೂ ಇದ್ದ. ಬೆಲೆ ಗೊತ್ತಿದ್ದವನ ಕಿವಿಯನ್ನು ನಂಬಬಾರದು ಎಂಬುದು ಅವನ ಸಿದ್ಧಾಂತ. ದುಬಾರಿ ಎಂದು ಗೊತ್ತಾದರೆ ಕಿವಿ ತಾನಾಗಿಯೇ ಹಿಗ್ಗುತ್ತದೆ, ಅಗ್ಗ ಎಂದು ಗೊತ್ತಾದರೆ ಮೂಗು ಮುರಿಯುತ್ತದೆ. ಆದ್ದರಿಂದ ಯಾವ ಸ್ಪೀಕರು ಬಂದರೂ ಅದಕ್ಕೆ ಬಟ್ಟೆ ಮುಚ್ಚಿ, ಅಕ್ಕನನ್ನು ಸೋಫಾದಲ್ಲಿ ಕೂರಿಸಿ, ಮೊದಲು ಹಾಡು, ಆಮೇಲೆ ವಾರ್ತೆ, ಆಮೇಲೆ ಧಾರಾವಾಹಿ ಹಾಕುತ್ತಿದ್ದ. ತನಗೆ ಚೆನ್ನಾಗಿ ಕೇಳಿಸಿದರೂ ಅಕ್ಕ ಚೆನ್ನಾಗಿಲ್ಲ ಎಂದರೆ ಚೆನ್ನಾಗಿಲ್ಲ. ತಾನು ಬರೆದುಕೊಂಡದ್ದನ್ನು ಅವಳ ಎದುರಿಗೇ ಗೀಟು ಹಾಕಿ ಹೊಡೆದುಬಿಡುತ್ತಿದ್ದ.

ಅಕ್ಕನದು ಹೊಲಿಗೆ. ಶಾಲೆಯ ಮಕ್ಕಳ ಸಮವಸ್ತ್ರ, ಆಸ್ಪತ್ರೆಯ ದಿಂಬಿನ ಚೀಲ, ಇಂಥವು. ಅಪ್ಪ ತೀರಿಕೊಂಡಾಗ ಓದು ಬಿಟ್ಟು ಮಷೀನಿನ ಮುಂದೆ ಕೂತವಳು ಇನ್ನೂ ಎದ್ದಿರಲಿಲ್ಲ. ತಮ್ಮನನ್ನು ಓದಿಸಿದ್ದು ಆ ಮಷೀನೇ. ಅವನಿಗೊಂದು ಮದುವೆಯೂ ಆಗಿತ್ತು, ನಿಲ್ಲಲಿಲ್ಲ, ಆ ಕತೆ ಇಲ್ಲಿ ಬೇಡ. ಆಮೇಲೆ ಮನೆಯಲ್ಲಿ ಇಬ್ಬರೇ. ಅವನದು ಮೊದಲಿನಿಂದಲೂ ಮಾತು ಕಮ್ಮಿ, ಕಿವಿಯಲ್ಲಿ ಯಾವಾಗಲೂ ಒಂದಲ್ಲ ಒಂದು ಹೆಡ್‌ಫೋನು. ಅಕ್ಕ ಮಷೀನಿನ ಗದ್ದಲದ ಮೇಲೆ ಮಾತಾಡಿ ಮಾತಾಡಿ ಗಂಟಲು ದೊಡ್ಡದು ಮಾಡಿಕೊಂಡವಳು. ಯಾರು ಏನೇ ಹೇಳಲಿ, ಮೊದಲು “ಆಂ?” ಎನ್ನುವುದು ಅವಳ ಹಳೆಯ ಚಾಳಿ.

“ಹೇಗಿದೆ ಅಕ್ಕಾ?” ಎಂದು ಪೆನ್ನು ಹಿಡಿದು ಎದುರಿಗೆ ಕೂತರೆ ಅವಳು ಕೂಡಲೇ ಹೇಳುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು, ತಲೆ ಓರೆ ಮಾಡಿ, ದೊಡ್ಡ ಸಂಗೀತ ವಿದುಷಿಯ ಗತ್ತಿನಲ್ಲಿ ಯೋಚಿಸುತ್ತಿದ್ದಳು.

“ಹಾಡು ಪರವಾಗಿಲ್ಲ ಕಣೋ. ಮಾತೇ ಸ್ಪಷ್ಟ ಇಲ್ಲ. ಗಂಡಸರು ಮಾತಾಡಿದ್ದು ಹೇಗೋ ಗೊತ್ತಾಗತ್ತೆ, ಹೆಂಗಸರದು ಬಾಯಲ್ಲಿ ಬಟ್ಟೆ ತುಂಬಿಕೊಂಡ ಹಾಗೆ.”

ಅವನು ಅದನ್ನು ಅಕ್ಷರಶಃ ಬರೆದುಕೊಳ್ಳುತ್ತಿದ್ದ. “ಬಾಯಲ್ಲಿ ಬಟ್ಟೆ ತುಂಬಿಕೊಂಡ ಹಾಗೆ” ಎಂಬುದು ಓದುಗರಿಗೆ ಬಹಳ ಹಿಡಿಸಿತು. ಮುಂದಿನ ಸ್ಪೀಕರಿನ ಹಣೆಬರಹವೂ ಅದೇ ಆಯಿತು, ಅದರ ಮುಂದಿನದರದ್ದೂ ಅದೇ. ಟೀವಿಯ ಕೆಳಗಿಡುವ ಉದ್ದನೆಯ ಸ್ಪೀಕರು ಬಂತು, ಮೂಲೆಗಿಡುವ ಗುಂಡನೆಯದು ಬಂತು, ಅಕ್ಕನ ವಿದ್ವತ್ತಿನ ಮುಂದೆ ಎಲ್ಲವೂ ಮಣ್ಣುಮುಕ್ಕಿದವು. ಮುಲಾಜಿಲ್ಲ ಕೆಂಡವಾಗಿ ಒಂದು ಉದ್ದನೆಯ ಲೇಖನವನ್ನೇ ಬರೆದ. ಈಗಿನ ಅಗ್ಗದ ಸ್ಪೀಕರು ಮಾಡುವವರಿಗೆಲ್ಲ ಗುಡುಗುವುದು ಮಾತ್ರ ಬರುತ್ತದೆ, ಮಾತಾಡಲು ಬರುವುದಿಲ್ಲ. ಒಬ್ಬ ಹೆಂಗಸಿನ ಒಂದು ವಾಕ್ಯವನ್ನು ನೆಟ್ಟಗೆ ಕೇಳಿಸಲಾಗದವರು ಅಂಗಡಿ ಮುಚ್ಚಿಕೊಂಡು ಹೋಗಲಿ ಎಂದು ಜಾಡಿಸಿದ. ಅಷ್ಟು ಮೆಚ್ಚುಗೆ ಅವನ ಬೇರೆ ಯಾವ ಬರಹಕ್ಕೂ ಬಂದಿರಲಿಲ್ಲ. ನಮ್ಮ ಮನೆಯಲ್ಲೂ ಹೀಗೇ ಎಂದು ಎಷ್ಟೋ ಜನ ಬರೆದರು. ಅಕ್ಕನಿಗೆ ಎಲ್ಲವನ್ನೂ ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿ, “ನೋಡಿದ್ಯಾ, ನಾನು ಹೇಳಿದ್ದು ಸರಿ ಅಂತ ಎಷ್ಟು ಜನ ಬರೆದಿದಾರೆ” ಎಂದು ಹಿಗ್ಗಿದಳು.

ಒಂದು ಬೆಳಿಗ್ಗೆ ಆಫೀಸಿನಲ್ಲಿ, ಹೊಸದಾಗಿ ಬಂದ ಮೀಟರುಗಳ ಸಾಲನ್ನು ಹಚ್ಚಿ ನೋಡಿದರೆ ಎಲ್ಲವೂ ಫೇಲು. ಒಂದೊಂದೂ ಒಂದೇ ಪ್ರಮಾಣದಲ್ಲಿ ನಿಧಾನ. ಸಾಹೇಬರು ಗಾಬರಿಯಾಗಿ ಬಂದರು.

“ಏನ್ರೀ ಇದು, ಮಾಲೆಲ್ಲಾ ಕಳಪೆನಾ? ವಾಪಸ್ಸು ಕಳಿಸೋಣ್ವಾ?”

ಮುಲಾಜಿಲ್ಲ ನಕ್ಕುಬಿಟ್ಟ. “ಸಾರ್, ಇಷ್ಟು ಮೀಟರು ಸೇರಿಕೊಂಡು ಒಂದೇ ಸುಳ್ಳು ಹೇಳಲ್ಲ. ಎಲ್ಲವೂ ಒಂದೇ ಥರ ತಪ್ಪಿದ್ರೆ ತಪ್ಪಿರೋದು ಅವಲ್ಲ. ನಮ್ಮ ಸ್ಟ್ಯಾಂಡರ್ಡೇ ಕೆಟ್ಟಿರತ್ತೆ. ಈ ಕೆಲಸದಲ್ಲಿ ಮೊದಲು ಕಲಿಯೋ ಪಾಠ ಇದು.”

ಸಾಹೇಬರು ಭೇಷ್ ಎಂದು ಬೆನ್ನು ತಟ್ಟಿ ಹೋದರು. ಅವನು ಗಾಜಿನ ಪೆಟ್ಟಿಗೆಯಿಂದ ಸ್ಟ್ಯಾಂಡರ್ಡ್ ಮೀಟರನ್ನು ಬಿಚ್ಚಿ, ಹೊರಗೆ ಕಳಿಸಲೆಂದು ಹತ್ತಿಯಲ್ಲಿ ಸುತ್ತುತ್ತಿದ್ದ. ಸುತ್ತುತ್ತಿದ್ದ ಕೈ ಹಾಗೇ ನಿಂತಿತು. ತಾನೀಗ ಸಾಹೇಬರಿಗೆ ಹೇಳಿದ ಮಾತೇ ತಿರುಗಿ ಬಂದು ಅವನ ಎದೆಗೆ ನಾಟಿತ್ತು. ಎಲ್ಲ ಸ್ಪೀಕರೂ, ಒಂದೇ ಥರ, ಹೆಂಗಸರ ಮಾತು. ಮೀಟರನ್ನು ಅರ್ಧ ಸುತ್ತಿದ್ದಲ್ಲಿಗೇ ಬಿಟ್ಟು, ಮೈ ಸರಿ ಇಲ್ಲವೆಂದು ರಜೆ ಹೇಳಿ ಮನೆಗೆ ಹೊರಟ.

ಬಾಗಿಲು ತೆರೆದೇ ಇತ್ತು. ಅಕ್ಕ ಬಾಗಿಲಿಗೆ ಬೆನ್ನು ಹಾಕಿ ಮಷೀನಿನ ಮುಂದೆ ಕೂತಿದ್ದಳು. ಮಷೀನು ನಿಂತಿತ್ತು. ತಪ್ಪಿ ಹೊಲಿದ ಕಾಲರನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಳು. ಮನೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ.

“ಅಕ್ಕಾ” ಎಂದ. ಅವಳು ದಾರ ಎಳೆದಳು. ಇನ್ನೂ ಹತ್ತಿರ ಹೋಗಿ, “ಅಕ್ಕಾ, ಬಂದೆ” ಎಂದ. ಅವಳು ಎಳೆದ ದಾರವನ್ನು ಬೆರಳಿಗೆ ಸುತ್ತಿ ಪಕ್ಕಕ್ಕೆ ಹಾಕಿದಳು. ಒಂದೇ ಮಾರು ದೂರದಲ್ಲಿ ನಿಂತು, “ಅಕ್ಕಾ, ನನ್ನ ಕೆಲಸ ಹೋಯ್ತು” ಎಂದ. ಆ ಮಾತು ಕೇಳಿಸಿದ್ದರೆ ಅವಳು ಎದೆ ಬಡಿದುಕೊಂಡು ಏಳಬೇಕಿತ್ತು. ಅವಳು ಕಾಲರನ್ನು ಬೆಳಕಿಗೆ ಹಿಡಿದು ನೋಡಿದಳು. ಬಟ್ಟೆಯ ಮೇಲೆ ಅವನ ನೆರಳು ಬಿದ್ದಾಗ ಬೆಚ್ಚಿ ತಿರುಗಿದಳು.

“ಅಯ್ಯೋ, ಯಾವಾಗ ಬಂದ್ಯೋ? ಹೀಗೆ ಕಳ್ಳನ ಹಾಗೆ ಸದ್ದಿಲ್ಲದೆ ಬಂದ್ರೆ ಜೀವ ಹೋಗಲ್ವಾ?”

ಅವನು ಬಾಯಿ ತೆರೆಯುವುದನ್ನೇ ಕಾಯುತ್ತ ಅವಳ ಕಣ್ಣು ಅವನ ತುಟಿಯ ಮೇಲಿತ್ತು. ಆ ಕಣ್ಣು ಬಹಳ ದಿನದಿಂದ ಅಲ್ಲೇ ಇದ್ದಿರಬೇಕು. ಅವನು ನೋಡಿರಲಿಲ್ಲ.

ಕಿವಿಯ ಡಾಕ್ಟರಮ್ಮ ಅಕ್ಕನನ್ನು ಗಾಜಿನ ಪುಟ್ಟ ಕೋಣೆಯೊಳಗೆ ಕೂರಿಸಿ, ಸದ್ದು ಕೇಳಿದಾಗ ಒತ್ತಲು ಕೈಗೊಂದು ಗುಂಡಿ ಕೊಟ್ಟರು. ಗಾಜಿನ ಈಚೆ ಮುಲಾಜಿಲ್ಲ ನಿಂತಿದ್ದ. ಕೆಲವು ಸದ್ದು ಗಾಜು ದಾಟಿ ಅವನಿಗೂ ಕೇಳುತ್ತಿತ್ತು. ಒಳಗೆ ಅಕ್ಕ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ತಲೆ ಓರೆ ಮಾಡಿ, ಅದೇ ಗತ್ತಿನಲ್ಲಿ ಕಾಯುತ್ತಿದ್ದಳು. ಒತ್ತು ಅಕ್ಕಾ, ಒತ್ತು ಎಂದು ಅವನ ಜೀವ ಬಡಿದುಕೊಂಡಿತು. ಅವಳು ಒತ್ತಲಿಲ್ಲ.

“ಎಡಗಡೆ ಹೋದ ಹಾಗೇ. ಬಲಗಡೆ ಸ್ವಲ್ಪ ಉಳಿದಿದೆ, ಅದೂ ಇಳೀತಾ ಇದೆ” ಎಂದರು ಡಾಕ್ಟರಮ್ಮ. “ಯಾವಾಗಿಂದ?”

“ಇತ್ತೀಚೆಗೆ” ಎಂದಳು ಅಕ್ಕ, ಡಾಕ್ಟರಮ್ಮನ ತುಟಿ ನೋಡಿಕೊಂಡು.

“ಇದು ಇತ್ತೀಚಿನದಲ್ಲ, ವರ್ಷಗಳಿಂದ ಆಗಿರೋದು.” ಡಾಕ್ಟರಮ್ಮ ಅವನ ಕಡೆ ತಿರುಗಿದರು. “ಮನೇಲಿ ಯಾರಿಗೂ ಗೊತ್ತಾಗಲಿಲ್ವಾ? ಮೊದಲೇ ಬಂದಿದ್ರೆ ಕಿವಿಗೆ ಮಷೀನು ಹಾಕಿ ಮಾತು ಕೇಳೋ ಅಭ್ಯಾಸ ಉಳಿಸಬಹುದಿತ್ತು. ಈಗ ಹಾಕಿದ್ರೂ ಸದ್ದು ಬರತ್ತೆ, ಮಾತು ಬರೋದು ಕಷ್ಟ.”

ಯಾವ ಮಷೀನು ಎಂದು ಅವರು ನಾಲ್ಕಾರು ತೋರಿಸಿದರು. ಅಗ್ಗದ್ದನ್ನು ಆರಿಸುವುದರಲ್ಲೇ ಹೆಸರು ಮಾಡಿದ್ದ ಮನುಷ್ಯ ಎಲ್ಲಕ್ಕಿಂತ ದುಬಾರಿಯದನ್ನು ಬೊಟ್ಟು ಮಾಡಿ ತೋರಿಸಿದ. ಅಕ್ಕ ಅದನ್ನು ಸ್ವಲ್ಪ ದಿನ ಹಾಕಿಕೊಂಡಳು. ಪಾತ್ರೆ ಬಿದ್ದರೆ ತಲೆಗೆ ಹೊಡೆದ ಹಾಗಾಗುತ್ತದೆ, ಹೊಲಿಗೆ ಮಷೀನು ರೈಲಿನ ಹಾಗೆ ಹೋಗುತ್ತದೆ, ಮನುಷ್ಯರು ಮಾತ್ರ ಹಾಗೇ ಇದ್ದಾರೆ ಎಂದು ಅದನ್ನು ಅದರ ಡಬ್ಬಿಯಲ್ಲಿ ಮಲಗಿಸಿದಳು.

ಮುಲಾಜಿಲ್ಲ ತಾನು ಸ್ಪೀಕರುಗಳ ಮೇಲೆ ಬರೆದದ್ದನ್ನೆಲ್ಲ ಬ್ಲಾಗಿನಿಂದ ತೆಗೆದುಹಾಕಿದ. ಅವೆಲ್ಲ ತಪ್ಪು, ಸ್ಪೀಕರುಗಳದಲ್ಲ ನನ್ನದು, ಇನ್ನು ಮುಂದೆ ಈ ಮನೆಯಲ್ಲಿ ಶಬ್ದದ ಪರೀಕ್ಷೆ ಇಲ್ಲ ಎಂದು ಎರಡು ಸಾಲು ಬರೆದ. ಕಪಾಟಿನಲ್ಲಿದ್ದ ಸ್ಪೀಕರುಗಳನ್ನು ಕೇಳಿದವರಿಗೆ ಕೊಟ್ಟು ಕೈತೊಳೆದುಕೊಂಡ. ಅವು ಕಣ್ಣಿಗೆ ಬಿದ್ದರೆ ಅಕ್ಕನಿಗೆ ನೋವಾಗುತ್ತದೆ ಎಂದುಕೊಂಡಿದ್ದ. ಅವನಿಗಾಗುತ್ತಿದ್ದ ನೋವಿಗೂ ಅದೇ ಔಷಧಿ. ಟೀವಿಯಲ್ಲಿ ಮಾತನ್ನು ಅಕ್ಷರದಲ್ಲಿ ತೋರಿಸುವ ವ್ಯವಸ್ಥೆ ಮಾಡಿಕೊಟ್ಟು, ತಾನು ಒಳಕೋಣೆ ಸೇರಿಕೊಂಡ. ಸಂಜೆ ಅಕ್ಕ ಒಬ್ಬಳೇ ಸೋಫಾದಲ್ಲಿ ಕೂತು ಧಾರಾವಾಹಿ ಓದುತ್ತಿದ್ದಳು.

ಹಾಗೇ ಕೆಲವು ವಾರ ಕಳೆದವು. ಒಂದು ಭಾನುವಾರ ಊಟಕ್ಕೆ ಕೂತಾಗ ಅಕ್ಕ ಅವನ ತಟ್ಟೆಗೆ ಬಡಿಸಿ, ಪಾತ್ರೆಯನ್ನು ಕೆಳಗಿಡದೆ ನಿಂತಳು.

“ಹೊಸದೇನೂ ತರಲ್ವೇನೋ ಈಗ?”

ಅವನು ತಲೆಯಾಡಿಸಿದ. ಆಮೇಲೆ ಮುಖವೆತ್ತಿ, ಅವಳಿಗೆ ಕಾಣುವಂತೆ ತುಟಿ ಬಿಡಿಸಿ, ಇಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿದ. “ನಿನಗೆ ಗೊತ್ತಿತ್ತಾ ಅಕ್ಕಾ?”

“ಗೊತ್ತಿಲ್ಲದೆ ಏನು? ನನ್ನ ಕಿವಿ ಅಲ್ವಾ.”

“ಮತ್ತೆ ಯಾಕೆ ಹೇಳಲಿಲ್ಲ?” ಅವನ ದನಿ ಏರಿತ್ತು. ಏರಿದ್ದು ಅವಳಿಗೆ ಗೊತ್ತಾಗುವ ಹಾಗಿರಲಿಲ್ಲ. “ಹೇಳಿದ್ರೆ ಆವತ್ತೇ ಕರ್ಕೊಂಡು ಹೋಗ್ತಿದ್ದೆ. ಉಳೀತಿತ್ತು.”

ಅಕ್ಕ ಪಾತ್ರೆ ಇಟ್ಟು ಅವನ ಎದುರು ಕೂತಳು.

“ನನ್ನ ಓದು ಬಿಡಿಸುವಾಗ ಯಾರೂ ನನ್ನ ಕೇಳಲಿಲ್ಲ. ನನಗೆ ಮದುವೆ ಗೊತ್ತು ಮಾಡುವಾಗ ಕೇಳಲಿಲ್ಲ, ಅದನ್ನ ಮುರಿಯುವಾಗ್ಲೂ ಕೇಳಲಿಲ್ಲ. ಈ ಮನೆ ಬಾಡಿಗೆಗೆ ಹಿಡಿಯುವಾಗ ನೀನೂ ಕೇಳಲಿಲ್ಲ, ಸಾಮಾನು ಕಟ್ಟು ಅಂದೆ, ಕಟ್ಟಿದೆ. ಆಮೇಲೆ ಒಂದು ದಿನ ಆ ಡಬ್ಬ ತಂದು ಬಟ್ಟೆ ಮುಚ್ಚಿ, ಪೆನ್ನು ಹಿಡ್ಕೊಂಡು ನನ್ನ ಎದುರಿಗೆ ಕೂತೆ. ಹೇಗಿದೆ ಅಕ್ಕಾ ಅಂದೆ. ನಾನಂದದ್ದನ್ನ ಬರ್ಕೊಂಡೆ. ನೀನು ಬರೆದಿದ್ದನ್ನ ಹೊಡೆದು ನನ್ನದನ್ನ ಇಟ್ಟೆ.” ಅವಳು ಬಾಯಿ ಒರೆಸಿಕೊಂಡಳು. “ಮೊದಮೊದಲು ನಿಜವಾಗ್ಲೂ ಆ ಡಬ್ಬಗಳದ್ದೇ ತಪ್ಪು ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು. ಕಿವಿ ಕೇಳಲ್ಲ ಅಂತ ಹೇಳಿದ್ರೆ ನೀನು ನನ್ನ ಕೇಳೋದು ಬಿಟ್ಟುಬಿಡ್ತೀಯ ಅಂತ ಹೇಳಲಿಲ್ಲ.”

ಅವನು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ.

“ಬಿಟ್ಟೆ ತಾನೇ?” ಎಂದಳು ಅಕ್ಕ. ದೂರುವ ದನಿಯಲ್ಲಿ ಅಲ್ಲ, ತನ್ನ ಅಂದಾಜು ಸರಿ ಬಂತು ಎನ್ನುವ ದನಿಯಲ್ಲಿ.

ಇಲ್ಲ ಅಕ್ಕಾ, ಕೇಳುತ್ತೇನೆ ಎಂದು ಅವನು ಮುಖವೆತ್ತಿದ. ಈಗಲೇ, ಇಲ್ಲೇ, ಏನಾದರೂ ಒಂದನ್ನು ಕೇಳಬೇಕು ಎನಿಸಿತು. ಅವಳ ಕಣ್ಣು ಅವನ ತುಟಿಗೆ ಬಂದು ನಿಂತಿತು. ನಿನಗೆ ಯಾವ ಬಣ್ಣ ಇಷ್ಟ ಎನ್ನಲೇ, ಎಲ್ಲಿಗಾದರೂ ಹೋಗಬೇಕು ಅನಿಸುತ್ತದಾ ಎನ್ನಲೇ, ಎಲ್ಲವೂ ಅಪರಿಚಿತರು ಬಸ್ಸಿನಲ್ಲಿ ಕೇಳುವ ಪ್ರಶ್ನೆಗಳ ಹಾಗಿದ್ದವು. ಅವಳನ್ನು ಏನು ಕೇಳಬೇಕೆಂದು ತಿಳಿಯಬೇಕಾದರೆ ಅವಳ ಬಗ್ಗೆ ಸ್ವಲ್ಪವಾದರೂ ಗೊತ್ತಿರಬೇಕಲ್ಲ. ಪ್ರಪಂಚದ ಅಗ್ಗದ ಸಾಮಾನುಗಳಿಗೆಲ್ಲ ನೂರೆಂಟು ಪ್ರಶ್ನೆ ಹಾಕಿದವನ ಬಾಯಿಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ.

ಅಕ್ಕ ತಲೆಯನ್ನು ಸ್ವಲ್ಪ ಓರೆ ಮಾಡಿ ಕಾದಳು. ಅವನ ತುಟಿ ಅಲುಗಾಡಿತೇ ಹೊರತು ಮಾತಾಗಲಿಲ್ಲ.

“ಆಂ?” ಎಂದಳು. ತನಗೇ ಕೇಳಿಸಲಿಲ್ಲ ಎಂದುಕೊಂಡಿದ್ದಳು.